ಉಳಿದ ಒಂದೇ ಹೆಸರು

ಘಟಪ್ರಭೆಯ ದಂಡೆಯ ನೇಕಾರರ ಊರೊಂದರಲ್ಲಿ, ನೂಲಿಗೆ ಬಣ್ಣ ಹಾಕುವ ಶೆಡ್ಡಿನ ಹಿಂದೆ, ಪೂಜ್ಯ ಮೌನಪ್ಪಜ್ಜನವರು ವಾಸವಾಗಿದ್ದರು. ಮಠವಿಲ್ಲ, ಗದ್ದುಗೆಯಿಲ್ಲ, ತಗಡಿನ ಮಾಡು, ಅದರ ಕೆಳಗೆ ಮಲಗಲು ನಾಲ್ಕು ಹಗ್ಗದ ಹೊರಸು. ಲಕ್ವ ಹೊಡೆದವರನ್ನೂ ಮೂರ್ಛೆ ಬೀಳುವವರನ್ನೂ ಜನ ಅಲ್ಲಿಗೆ ಕರೆತರುತ್ತಿದ್ದರು. ಅಜ್ಜನವರು ತಾಯಿತ ಕಟ್ಟುತ್ತಿರಲಿಲ್ಲ, ಪಾರಿವಾಳದ ರಕ್ತ ಸವರುತ್ತಿರಲಿಲ್ಲ. ಡಾಕ್ಟರು ಕೊಟ್ಟ ಗುಳಿಗೆ ನುಂಗಿಸಿ, ಮೈ ಒರೆಸಿ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದರು. ಅದೇ ಅವರ ಪೂಜೆ. "ಹೇಲು ಉಚ್ಚಿ ಬಳಿಯೋನು ಎಂಥಾ ಸ್ವಾಮಿ?" ಎಂದು ಮೂಗು ಮುರಿದವರೂ ತಮ್ಮ ಮನೆಯಲ್ಲೊಬ್ಬರು ಹಾಸಿಗೆ ಹಿಡಿದೊಡನೆ ಅಲ್ಲಿಗೇ ಓಡಿಬರುತ್ತಿದ್ದರು. ಊರೆಂದರೆ ಹಾಗೇ.

ಮೂಗು ಮುರಿದವರಲ್ಲಿ ಮೊದಲನೆಯವಳು ಸೀರೆ ವ್ಯಾಪಾರಿ ಗುರುಶಾಂತಪ್ಪ ಸಾವಕಾರರ ಹೆಂಡತಿ ಶಿವಗಂಗವ್ವ. ಸಾವಕಾರರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು, ಮಾತೂ ಹೋಯಿತು. ಪೂರ್ತಿ ಹೋಗಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಒಂದೇ ಒಂದು ಮಾತು ಉಳಿಯಿತು: "ಚಂಪಾ."

ಚಂಪಾ ಯಾರೆಂದು ಊರಿಗೆ ಹೇಳಿಕೊಡಬೇಕೇ! ಸಾವಕಾರರ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದವಳು. ಎತ್ತರದ ಹೆಣ್ಣು, ಹೊಳೆಯುವ ಹರಳಿನ ಮೂಗುಬೊಟ್ಟು. ಅದನ್ನು ಕೊಡಿಸಿದವರು ಯಾರೆಂದು ಹೆಂಗಸರು ನೀರಿಗೆ ಬಂದಲ್ಲಿ ಪಂತ ಕಟ್ಟಿದ್ದೂ ಉಂಟು. ಅವಳು ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಸಾವಕಾರರು ಬೀದಿಗೆ ಕೇಳುವಂತೆ ಆ ಹೆಸರನ್ನೇ ಕೂಗುತ್ತಿದ್ದರೆ, ನೋಡಲು ಬಂದವರಿಗೆ ಚಹಾಕ್ಕಿಂತ ಅದೇ ರುಚಿ. ಶಿವಗಂಗವ್ವ ಗಂಡನ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು. ಆಳು ಮಲಗಿದ್ದವರ ಬಾಯಿಗೆ ಹಾಗೇ ಗಂಜಿ ಸುರಿಯುತ್ತಿದ್ದ. ಅವರು ಕೆಮ್ಮಿ ಕೆಮ್ಮಿ ಸೊರಗಿ ಕಡ್ಡಿಯಾದರು.

ಕೊನೆಗೆ ಆಕೆ ಗಂಡನನ್ನು ಗಾಡಿಯಲ್ಲಿ ಹಾಕಿಕೊಂಡು ಅಜ್ಜನವರಲ್ಲಿಗೆ ಬಂದಳು.

"ಯಜ್ಜಾ, ನಿಮ್ಮ ಹಂತೇಕ ಶಕ್ತಿ ಇದ್ದದ್ದು ಖರೇ ಇದ್ದರ, ಇವರ ಬಾಯಿಂದ ಆ ಹೆಸರು ತಗೀರಿ. ಮೂಕರಾಗಿ ಬಿದ್ದಿದ್ದರೂ ನಡೀತೈತಿ."

ಅಜ್ಜನವರು ಸಾವಕಾರರನ್ನು ಮಗ್ಗುಲಿಗೆ ಹೊರಳಿಸಿದರು. ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು. "ಸಂಜೀತನಕ ಕುಂಡ್ರವಾ, ತಾಯಿ" ಎಂದಷ್ಟೇ ಹೇಳಿ ಹುಣ್ಣು ತೊಳೆಯಲು ಕುಳಿತರು.

ಶಿವಗಂಗವ್ವ ಮುಖ ಗಂಟಿಕ್ಕಿಕೊಂಡು ಕುಳಿತಳು. ಸಾವಕಾರರು "ಚಂಪಾ" ಎಂದರು. ಅಜ್ಜನವರು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಗದ್ದ ತುಸು ತಗ್ಗಿಸಿ, ಬಾಯಿಯ ಎಡಮಗ್ಗುಲಿಗೆ ಚಮಚ ಚಮಚವಾಗಿ ಗಂಜಿ ಕೊಟ್ಟರು. ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದು. ಕೆಮ್ಮು ಬರಲಿಲ್ಲ. ಮತ್ತೆ "ಚಂಪಾ, ಚಂಪಾ." ಒದ್ದೆಯಾದ ಧೋತರ ಬಿಚ್ಚಿ ಒಣಗಿದ್ದನ್ನು ಸುತ್ತಿದರು. ಕೂಗು ನಿಂತಿತು. ಮತ್ತೊಮ್ಮೆ ಕೂಗಿದಾಗ ಕಣ್ಣೆವೆಯ ಮೇಲೊಂದು ನೊಣ ಕುಳಿತಿತ್ತು. ಅದನ್ನು ಓಡಿಸಿದವಳು ಶಿವಗಂಗವ್ವನೇ.

ಆಗ ಅಜ್ಜನವರು ಹೇಳಿದರು: "ಬೆಂಕಿ ಬಿದ್ದ ಮನಿಯಾಗ ಒಂದ ಚರಿಗಿ ಉಳದೈತಿ ತಾಯಿ. ನೀರಿಗೂ ಅದ, ಗಂಜಿಗೂ ಅದ. ಅದನ್ನೂ ಕಸಗೋ ಅಂತೀ?"

ಆಕೆಗೆ ಸಮಾಧಾನವಾಗಲಿಲ್ಲ. ಯಾವ ಹೆಂಗಸಿಗೆ ತಾನೇ ಆದೀತು? "ಹಂಗಾರ ಆಕಿ ಸಂಗತಿ ಖರೇನೋ, ಸುಳ್ಳೋ? ಅಷ್ಟರೆ ಹೇಳ್ರಿ."

"ಅದು ನನಗೇನು ಗೊತ್ತವಾ? ಹುಣ್ಣು ಖರೇ ಐತಿ."

ಶಿವಗಂಗವ್ವ ಬಹಳ ಹೊತ್ತು ಆ ಹುಣ್ಣನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ, ಅಜ್ಜನವರ ಕೈಯಿಂದ ಅರಿವೆ ತೆಗೆದುಕೊಂಡಳು. ಹೊರಳಿಸುವುದು, ಕೂರಿಸುವುದು, ಉಣಿಸುವುದು ಎಲ್ಲವನ್ನೂ ಅವರ ಪಾದದ ಬಳಿ ಕಲಿತು ಗಂಡನನ್ನು ಮನೆಗೆ ಕರೆದೊಯ್ದಳು. ಹುಣ್ಣು ಮೆಲ್ಲಗೆ ಮಾಯಿತು. ಮಾತು ಬರಲಿಲ್ಲ, ಆ ಹೆಸರೂ ಹೋಗಲಿಲ್ಲ.

ಶ್ರಾವಣದಲ್ಲಿ ಓಣಿಯ ಹೆಂಗಸರು ಉಡಿ ತುಂಬಿಸಿಕೊಳ್ಳಲು ಸಾವಕಾರರ ಮನೆಯಲ್ಲಿ ನೆರೆದಿದ್ದರು. ಒಳಕೋಣೆಯಿಂದ ಕೂಗು ಬಂತು: "ಚಂಪಾ!"

ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ನೆರೆಮನೆಯ ಬಾಳವ್ವ ಏನೂ ಅರಿಯದವಳಂತೆ, "ಸಾವಕಾರರು ಯಾರನ್ನ ಕರೀಲಿಕ್ಕತ್ತಾರವಾ?" ಎಂದಳು.

"ನನ್ನನ್ನ" ಎಂದು ಶಿವಗಂಗವ್ವ ಮೇಲೆದ್ದಳು. "ಬಂದೆ ರೀ!"