ಅರ್ಧ ಮದ್ದಿನ ಕುಶಾಲತೋಪು

ಶಿಷ್ಯನೊಬ್ಬನು ಕೇಳಿದನು: "ಗುರುಗಳೇ, ಯುದ್ಧದಲ್ಲಿ ಬೆನ್ನು ತೋರಿಸಿ ಬರುವುದಕ್ಕಿಂತ ದೊಡ್ಡ ನಾಚಿಕೆ ಇದೆಯೇ?"

ಗುರುಗಳು ಹೇಳಿದರು:

ಒಬ್ಬ ನೌಕಾದಳಪತಿಯಿದ್ದನು. ಅವನ ಕೈಕೆಳಗೆ ಹನ್ನೆರಡು ಹಡಗುಗಳು, ಎಲ್ಲವೂ ಅಜ್ಜನ ಕಾಲದವು. ಮೇಲೆ ಬಣ್ಣ ಚೆನ್ನಾಗಿತ್ತು, ಒಳಗೆ ಮರ ಕೊಳೆತು ಲಡ್ಡಾಗಿತ್ತು. ವರ್ಷಕ್ಕೊಮ್ಮೆ ಸಮುದ್ರಪೂಜೆಯ ದಿನ ಅರಸನು ದಡಕ್ಕೆ ಬರುತ್ತಿದ್ದನು. ಆಗ ಹಡಗುಗಳಿಂದ ಕುಶಾಲತೋಪು ಹಾರಬೇಕಿತ್ತು. ಪೂರ್ತಿ ಮದ್ದು ತುಂಬಿದರೆ ತೋಪಿನ ಹೊಡೆತಕ್ಕೆ ಹಡಗಿನ ಹಲಗೆಗಳೇ ಕಿತ್ತುಬರುತ್ತವೆಂದು ದಳಪತಿಗೆ ಗೊತ್ತಿತ್ತು. ಅವನು ಅರ್ಧ ಮದ್ದು ತುಂಬಿಸಿದನು. ಸದ್ದು ಬಂತು, ಹೊಗೆಯೂ ಬಂತು. ಅರಸನು ಹಿಗ್ಗಿ ಶಾಲು ಹೊದಿಸಿದನು. ಹಡಗುಗಳ ಸಂಗತಿಯನ್ನು ಮುಂದಿನ ವರ್ಷ ಹೇಳಿದರಾಯಿತು ಎಂದು ದಳಪತಿ ಸುಮ್ಮನಾದನು. ಶಾಲು ಹೊದ್ದ ಮೇಲೆ ಅಂಥ ಮಾತು ಎಲ್ಲಿ ಬಾಯಿಗೆ ಬರುತ್ತದೆ? ಹೀಗೆ ಒಂಬತ್ತು ಶಾಲುಗಳಾದವು.

ಹತ್ತನೆಯ ವರ್ಷ ಯುದ್ಧ ಬಂತು. ಹಡಗುಗಳು ಸಿದ್ಧವೇ ಎಂದು ಅರಸನು ತುಂಬಿದ ಸಭೆಯಲ್ಲಿ ಕೇಳಿದನು. ದಳಪತಿ ಸಿದ್ಧವೆಂದೇ ಹೇಳಿದನು. ಇಲ್ಲವೆಂದರೆ ಒಂಬತ್ತು ವರ್ಷದ ಸುಳ್ಳನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕಿತ್ತು.

ಶತ್ರುಗಳ ಹೊಸ ಹಡಗುಗಳು ಕಡಲಲ್ಲಿ ದೂರದಲ್ಲೇ ನಿಂತವು. ಇವನ ಅರ್ಧ ಮದ್ದಿನ ಗುಂಡುಗಳು ನಡುನೀರಿಗೆ ಬಿದ್ದವು. ತೋಪಿನವರು ಪೂರ್ತಿ ಮದ್ದು ತುಂಬಲು ಅಪ್ಪಣೆ ಕೇಳಿದರು. ದಳಪತಿ ಅವರ ಮುಖ ನೋಡಲಾರದೆ ಹೂಂ ಎಂದನು. ಮೊದಲ ಸುತ್ತಿಗೇ ನಾಲ್ಕು ಹಡಗುಗಳ ಹಲಗೆ ಬಿಟ್ಟುಕೊಂಡು, ಅವು ಜನರ ಸಮೇತ ಮುಳುಗಿದವು. ಶತ್ರುವಿನ ಒಂದು ಗುಂಡೂ ಅವಕ್ಕೆ ತಗಲಿರಲಿಲ್ಲ. ದಳಪತಿ ಉಳಿದವನ್ನು ತಿರುಗಿಸಿಕೊಂಡು ಬಂದನು.

ದಡದಲ್ಲಿ ಜನ ಹೇಡಿ ಎಂದು ಉಗುಳಿದರು. ಅದು ಅವನಿಗೆ ನಾಟಲೇ ಇಲ್ಲ. ಆಮೇಲೆ ಒಬ್ಬ ಮುದುಕಿ ಬಂದು ಕೈಮುಗಿದಳು.

"ನನ್ನ ಮಗನಿಗೆ ವೈರಿಗಳ ಗುಂಡು ಎಲ್ಲಿ ತಗಲಿತು, ಒಡೆಯಾ?" ಎಂದು ಕೇಳಿದಳು.

ದಳಪತಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಅರಮನೆಯವರೆಗೂ ಅವನು ತಲೆ ಎತ್ತದೆ ನಡೆದನು.

ಅರಸನು ಕೇಳಿದನು: "ವೈರಿಗೆ ಅಷ್ಟೊಂದು ಹೆದರಿದೆಯಾ?"

"ವೈರಿಗೆ ಹೆದರಲಿಲ್ಲ, ಪ್ರಭು. ನಿಮಗೆ ಹೆದರಿದೆ. ಒಂಬತ್ತು ವರ್ಷ ಹೆದರಿದೆ. ದಡದಲ್ಲಿ ಒಬ್ಬ ತಾಯಿ ತನ್ನ ಮಗನನ್ನು ಕೇಳಿದಳು. ಅವನನ್ನು ಕೊಂದದ್ದು ನನ್ನ ಹೆದರಿಕೆ."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನು ತಲೆಯಾಡಿಸಿ, ಅರ್ಥವಾಯಿತು ಎಂದನು.

"ನಾನು ಹೇಳಿದ್ದಕ್ಕೆಲ್ಲ ಹೀಗೇ ತಲೆಯಾಡಿಸುತ್ತೀಯಲ್ಲ, ನಿನಗೆ ನನ್ನ ಭಯ ಎಷ್ಟು ವರ್ಷದಿಂದ?" ಎಂದರು ಗುರುಗಳು.