ಹರಳುಕಲ್ಲಿನ ಬಾಗಿಲು

ಹುಲ್ಲುಗಾವಲಿನ ಪುಟ್ಟ ಇಲಿ ತೂಗಿದರೆ ನಾಲ್ಕು ಕಡಲೆಕಾಯಿಯಷ್ಟಾದರೆ ಹೆಚ್ಚು. ಆದರೂ ಬೆಳಗಾದರೆ ಸಾಕು, ಹರಳುಕಲ್ಲುಗಳನ್ನು ಕಚ್ಚಿ ತಂದು ತನ್ನ ಬಿಲದ ಬಾಯಿಗೆ ಪೇರಿಸುತ್ತಿತ್ತು.

ನೆರೆಮನೆಯ ಹೆಗ್ಗಣಕ್ಕೆ ನಗು ತಡೆಯಲಾಗಲಿಲ್ಲ. “ಏನೇ ತಂಗಿ, ಲೋಕವೆಲ್ಲ ಕಾಳು ಕೂಡಿಟ್ಟರೆ ನೀನು ಕಲ್ಲು ಕೂಡಿಡುತ್ತೀಯಲ್ಲ! ನನ್ನ ಮನೆ ನೋಡು. ಬಾಗಿಲು ಅಂದರೆ ಹಾಗಿರಬೇಕು. ಯಾರು ಬಂದರೂ ತಲೆ ಎತ್ತಿಕೊಂಡೇ ಒಳಗೆ ಬರಬಹುದು.”

“ಯಾರು ಬಂದರೂ ಅನ್ನುತ್ತೀಯಲ್ಲ ಅಕ್ಕಾ, ನನಗೆ ಅದೇ ಭಯ,” ಎಂದು ಇಲಿ ಇನ್ನೊಂದು ಕಲ್ಲು ತರಲು ಹೊರಟಿತು.

ಮಧ್ಯಾಹ್ನ ಕೇರೆಹಾವು ಬಂತು. ಇಲಿ ತನ್ನ ಮರಿಗಳನ್ನು ಅವುಚಿಕೊಂಡು ಒಳಗೇ ಕೂತಿತು. ಹಾವು ಮೂತಿ ತೂರಿಸಲು ನೋಡಿತು. ಕಲ್ಲುಗಳು ಉರುಳಿ ಇದ್ದ ಸಂದಿಯನ್ನೂ ಮುಚ್ಚಿಬಿಟ್ಟವು.

“ಥೂ, ಇಲ್ಲಿರುವುದು ಬರೀ ಕಲ್ಲು!” ಎಂದು ಹಾವು ಪಕ್ಕದ ದೊಡ್ಡ ಬಾಗಿಲಿಗೆ ತಿರುಗಿ, ತಲೆ ಎತ್ತಿಕೊಂಡೇ ಒಳಗೆ ಹೋಯಿತು. ಹೆಗ್ಗಣ ಹಿಂಬಾಗಿಲಿನಿಂದ ಎದ್ದೆನೋ ಬಿದ್ದೆನೋ ಎಂದು ಓಡಿತು.

ಮರುದಿನ ಬೆಳಿಗ್ಗೆ ಇಲಿ ಮೀಸೆ ತಿರುವುತ್ತ ಹೊರಬಂದು ನೋಡಿದರೆ, ಎದುರಿನ ದಿಣ್ಣೆಯಲ್ಲಿ ಹೆಗ್ಗಣ ಹೊಸ ಬಿಲ ತೋಡಿತ್ತು.

“ಅಕ್ಕಾ, ಹೊಸ ಮನೆ ಹೇಗಿದೆ?” ಎಂದು ಇಲಿ ಕೂಗಿ ಕೇಳಿತು.

ಹೆಗ್ಗಣ ತಿರುಗಿ ನೋಡಿತು. ಅದರ ಬಾಯಿ ತುಂಬ ಕಲ್ಲಿತ್ತು.