ರಾಣಿ ಆರಿಸಿದ ನೆಲಶಾಲೆ

"ಕೇಳಿರಪ್ಪೋ ಕೇಳಿರಿ. ಗಾಳಿದುರ್ಗದ ರಾಣಿ ಮಲ್ಲಾಜಮ್ಮಣ್ಣಿಯವರ ಅಪ್ಪಣೆ. ರಾಜಕುಮಾರಿ ಹೊನ್ನಾಜಿಯವರು ಜನರನ್ನು ಕೂರಿಸಿಕೊಂಡು ಹಾರುಬಂಡಿ ನಡೆಸುವ ಪರವಾನಗಿ ಪಡೆಯಲಿದ್ದಾರೆ. ಬಂಡಿ ಹತ್ತುವ ಮೊದಲು ನೆಲದ ಮೇಲೆ ಕೂತು ಕಲಿಯುವ ಪಾಠಕ್ಕೆ ಒಂದು ಶಾಲೆ ಬೇಕಾಗಿದೆ. ರಾಜ್ಯದ ಪ್ರತಿ ನೆಲಶಾಲೆಯಿಂದ ಒಬ್ಬರು ಬರತಕ್ಕದ್ದು. ಮೂರು ಒಗಟು ಬಿಡಿಸಿದವರ ಶಾಲೆಗೆ ರಾಜಕುಮಾರಿ ಸೇರುತ್ತಾರೆ. ತಪ್ಪು ಹೇಳಿದವರ ತಲೆ ಕೋಟೆ ಬಾಗಿಲಿಗೆ."

ಡಂಗುರ ಕೇಳಿ ಊರು ತಣ್ಣಗಾಯಿತು. ರಾಣಿಯ ಸಿಟ್ಟಿಗೆ ಕಾರಣ ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷ ಯುವರಾಜ ಹಾರುಬಂಡಿಯೊಂದಿಗೆ ಮೋಡದೊಳಗೆ ಹೊಕ್ಕವನು ತಿರುಗಿ ಬರಲಿಲ್ಲ. ಅವನು ಓದಿದ್ದು ದೊಡ್ಡ ಹೆಸರಿನ ಶಾಲೆಯಲ್ಲಿ, ಪಾಸಾದದ್ದು ಎಲ್ಲರಿಗಿಂತ ಮೊದಲನೆಯವನಾಗಿ.

ಕೋಟೆಯ ಹಿಂದೆ ಹಾಳುಬಿದ್ದ ಗಾಣದ ಮನೆಯಲ್ಲೂ ಒಂದು ಶಾಲೆಯಿತ್ತು. ನಡೆಸುತ್ತಿದ್ದವಳು ಮಾರಕ್ಕ, ಒಂದು ಕಾಲದಲ್ಲಿ ತಾನೇ ಹಾರುಬಂಡಿ ನಡೆಸಿದ್ದ ಮುದುಕಿ. ಅವಳ ಶಿಷ್ಯ ಪಾಲಯ್ಯ ಎರಡು ದೊಡ್ಡ ಶಾಲೆಗಳಲ್ಲಿ ನಪಾಸಾಗಿ, ಕೊನೆಗೆ ಇವಳ ಹತ್ತಿರ ಕಲಿತು ಪರವಾನಗಿ ಪಡೆದವನು. ಮಾರಕ್ಕ ಕೋಲು ಊರಿಕೊಂಡು ಹೊರಟಾಗ ಅವನು ಬಾಗಿಲಿಗೆ ಅಡ್ಡ ನಿಂತ.

"ನೀನು ಹೋಗಬೇಡವ್ವಾ. ನಾನು ಹೋಗ್ತೀನಿ."

"ತಲೆ ಹೋಗೋ ಕೆಲಸ ಕಣೋ ಇದು."

"ನಿನ್ನದು ಹೋದರೆ ಪಾಠ ಹೇಳೋರು ಯಾರು?"

ಅಷ್ಟು ಹೇಳಿದವನೇ ಅವನು ಕೋಟೆಯ ದಾರಿ ಹಿಡಿದ.

ಕೋಟೆಯ ಬಯಲಿಗೆ ಅವನಿಗಿಂತ ಮುಂಚೆ ಉಳಿದೆರಡು ಶಾಲೆಗಳ ಗುರುಗಳು ಬಂದಿದ್ದರು. ಒಬ್ಬರು ಚೆನ್ನವೀರಪ್ಪನವರು. ಹಳೆಯ ಪರೀಕ್ಷೆಗಳ ಪ್ರಶ್ನೆಗಳನ್ನು ಉತ್ತರದ ಸಮೇತ ಉರು ಹೊಡೆಸುವುದು ಅವರ ಪದ್ಧತಿ. ಪಾಸಾದವರ ಮುಖಚಿತ್ರಗಳನ್ನು ಕೋಟೆ ಬಾಗಿಲಿನಲ್ಲೇ ಮೊಳೆ ಹೊಡೆಸಿ ತೂಗುಹಾಕಿಸಿದ್ದರು. ಈಗ ಅದೇ ಮೊಳೆಗಳನ್ನು ನೋಡುತ್ತಾ ಬೆವರು ಒರೆಸಿಕೊಳ್ಳುತ್ತಿದ್ದರು. ಇನ್ನೊಬ್ಬರು ಅನಂತಾಚಾರ್ಯರು. ಅವರ ಶಾಲೆಯ ಕಟ್ಟಡ ಅರಮನೆಗಿಂತ ಒಂದು ಗೇಣು ಮಾತ್ರ ಗಿಡ್ಡ.

ರಾಣಿ ಪೀಠಿಕೆ ಹಾಕಲಿಲ್ಲ. "ಅದು ಬೇಸಗೆಯಲ್ಲಿ ಸೊರಗುತ್ತದೆ, ಚಳಿಯಲ್ಲಿ ಮೈ ತುಂಬಿಕೊಳ್ಳುತ್ತದೆ, ಬೆಟ್ಟ ಹತ್ತಿದಷ್ಟೂ ಬಡವಾಗುತ್ತದೆ. ಆದರೂ ಹಾರುಬಂಡಿಯ ಭಾರ ಹೊರುವುದು ಅದೇ. ಏನದು?"

ಚೆನ್ನವೀರಪ್ಪನವರು ಕಣ್ಣು ಮುಚ್ಚಿ ಹಳೆಯ ಪ್ರಶ್ನೆಗಳನ್ನೆಲ್ಲ ತಡಕಾಡಿದರು. ಇದು ಅದರಲ್ಲಿರಲಿಲ್ಲ. "ಎಣ್ಣೆ, ಮಹಾತಾಯಿ. ಬಂಡಿ ಓಡುವುದೇ ಎಣ್ಣೆಯಿಂದ. ಮೇಲೆ ಹೋದಷ್ಟೂ ಕಡಿಮೆಯಾಗುತ್ತದೆ."

"ಚಳಿಗೆ ಹೆಚ್ಚಾಗುತ್ತದೆಯೇ?" ಎಂದಳು ರಾಣಿ. ಭಟರು ಅವರ ರಟ್ಟೆ ಹಿಡಿದರು.

ಪಾಲಯ್ಯ ಮುಂದೆ ಬಂದ. "ಗಾಳಿ, ತಾಯಿ. ಬಿಸಿಲಿಗೆ ತೆಳ್ಳಗಾಗುತ್ತೆ, ಎತ್ತರದಲ್ಲೂ ತೆಳ್ಳಗಾಗುತ್ತೆ. ಅದಕ್ಕೇ ಸುಡುಬಿಸಿಲಲ್ಲಿ ಬೆಟ್ಟದ ಮೇಲಿಂದ ಏಳೋ ಬಂಡಿ ಮೊದಲು ನೆಲದ ಮೇಲೆ ಹೆಚ್ಚು ದೂರ ಓಡಬೇಕು."

ರಾಣಿ ತಲೆಯಾಡಿಸಿದಳು, ಮುಖ ಮಾತ್ರ ಸಡಿಲವಾಗಲಿಲ್ಲ. "ಒಬ್ಬ ಸಾಕ್ಷಿ ಇದ್ದಾನೆ. ಹುಟ್ಟಿದಾಗಿನಿಂದ ನಿಮ್ಮ ಜೊತೆಗಿದ್ದಾನೆ. ನೆಲದ ಮೇಲೆ ಅವನ ಮಾತು ನಂಬಿಯೇ ನಡೆಯುತ್ತೀರಿ. ಮೋಡದೊಳಗೆ ಹೊಕ್ಕೊಡನೆ ಅವನು ಸುಳ್ಳು ಹೇಳುತ್ತಾನೆ. ಯಾರವನು?"

ಅನಂತಾಚಾರ್ಯರು ಮುಗುಳ್ನಕ್ಕರು. "ಕಣ್ಣು."

"ಮೋಡದಲ್ಲಿ ಕಣ್ಣು ಏನು ಸುಳ್ಳು ಹೇಳಿತು, ಆಚಾರ್ಯರೇ?"

ಭಟರು ಮುಂದೆ ಬಂದರು. ಅವರನ್ನೂ ಎಳೆದೊಯ್ದರು.

ಪಾಲಯ್ಯನಿಗೆ ಗಾಣದ ಮನೆಯ ತಿರುಗುಮಣೆ ನೆನಪಾಯಿತು. ಮಾರಕ್ಕ ಹೊಸಬರ ಕಣ್ಣಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಕೂರಿಸಿ ಮೆಲ್ಲಗೆ ತಿರುಗಿಸುತ್ತಿದ್ದಳು. ಯಾವ ಕಡೆ ತಿರುಗುತ್ತಿದ್ದೀಯಾ ಎಂದು ಕೇಳುತ್ತಿದ್ದಳು. ಮಣೆ ನಿಂತ ಮೇಲೂ ಎಲ್ಲರೂ ತಿರುಗುತ್ತಿದ್ದೇನೆ ಎನ್ನುತ್ತಿದ್ದರು. ಅವನೂ ಹಾಗೇ ಹೇಳಿ ಬೈಸಿಕೊಂಡಿದ್ದ.

"ನಮ್ಮ ಮೈಯೇ ಆ ಸಾಕ್ಷಿ, ತಾಯಿ. ಕಣ್ಣಿಗೆ ಏನೂ ಕಾಣಲ್ಲ, ಅಷ್ಟೇ. ಸುಳ್ಳು ಹೇಳೋದು ಮೈ. ಬಂಡಿ ವಾಲಿ ಇಳೀತಿದ್ದರೂ ನೆಟ್ಟಗಿದ್ದೀನಿ ಅನ್ನುತ್ತೆ. ಆಗ ಎದುರಿಗಿರೋ ಅಳತೆ ತೋರಿಸೋ ಮುಳ್ಳುಗಳನ್ನ ನಂಬಬೇಕು, ಮೈಯನ್ನಲ್ಲ."

ರಾಣಿ ಎದ್ದು ನಿಂತಳು. ಬಯಲಿನ ತುದಿಯಲ್ಲಿ ಹಾರುಬಂಡಿ ಕಾಯುತ್ತಿತ್ತು. ಹೊನ್ನಾಜಿ ಆಗಲೇ ಅದರೊಳಗೆ ಕೂತಿದ್ದಳು. "ಒಳ್ಳೆಯ ಹಾರುಗಾರ ಮಾಡುವ ಅತಿ ಕಷ್ಟದ ಕೆಲಸ ಒಂದಿದೆ. ಮಾಡಿದರೆ ಯಾರೂ ಹೊಗಳುವುದಿಲ್ಲ, ಮಾಡದಿದ್ದರೆ ಊರೇ ಅಳುತ್ತದೆ. ಏನದು? ನನ್ನ ಮಗಳನ್ನು ಕರೆದುಕೊಂಡು ಎದುರು ಬೆಟ್ಟ ಸುತ್ತಿ ಬಾ, ಬಂದ ಮೇಲೆ ಹೇಳು. ಇದು ನನ್ನ ಆಜ್ಞೆ. ಮೀರಿದರೆ ತಲೆ ಉಳಿಯುವುದಿಲ್ಲ."

ಪಾಲಯ್ಯ ಬಂಡಿಯ ಹತ್ತಿರ ಹೋದ. ಪಡುವಣ ಕಪ್ಪಿಟ್ಟಿತ್ತು. ಬೆಟ್ಟದ ನೆತ್ತಿ ಮೋಡದೊಳಗೆ ಮುಳುಗುತ್ತಿತ್ತು, ಗಾಳಿ ತಟ್ಟನೆ ದಿಕ್ಕು ಬದಲಿಸಿತು. ಹಿಂದೆ ಕೊಡಲಿಯವನು ನಿಂತಿದ್ದ. ಸುತ್ತಿ ಬಂದುಬಿಡಬಹುದೇನೋ ಎಂದು ಅವನಿಗೆ ಆಸೆಯಾಯಿತು. ಬದುಕುವ ಆಸೆ ಯಾರಿಗಿಲ್ಲ? ಆದರೆ ಹೊನ್ನಾಜಿ ಅವನನ್ನೇ ನಂಬಿ ನೋಡುತ್ತಿದ್ದಳು.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಇವತ್ತು ಹಾರೋದಿಲ್ಲ, ತಾಯಿ."

"ತಲೆ ಹೋಗುತ್ತದೆ."

"ನನ್ನದೊಂದೇ ಹೋಗುತ್ತೆ. ಹಾರಿದರೆ ರಾಜಕುಮಾರಿಯವರದೂ ಹೋಗುತ್ತೆ."

ರಾಣಿ ಬಂದು ಅವನ ಪಕ್ಕದಲ್ಲೇ ಮಣ್ಣಿನ ಮೇಲೆ ಕುಸಿದಳು.

"ಅದೇ ಕಣಪ್ಪಾ ಉತ್ತರ," ಎಂದಳು. "ಆ ಬಂಡಿಯಲ್ಲಿ ಒಂದು ತೊಟ್ಟು ಎಣ್ಣೆಯಿಲ್ಲ, ನಾನೇ ತೆಗೆಸಿದ್ದೆ. ಅವತ್ತೂ ಹೀಗೇ ಮೋಡವಿತ್ತು. ಹಬ್ಬದ ಊಟಕ್ಕೆ ಬರಲೇಬೇಕು ಎಂದು ಮಗನಿಗೆ ಹೇಳಿಕಳಿಸಿದವಳು ನಾನು. ಗಾಳಿಯ ಲೆಕ್ಕ, ಮುಳ್ಳಿನ ಲೆಕ್ಕ ಎಲ್ಲ ಅವನಿಗೆ ಬರುತ್ತಿತ್ತು. ಹೆತ್ತವಳಿಗೂ ಇಲ್ಲ ಎನ್ನಬಹುದು ಎಂದು ಮಾತ್ರ ಯಾರೂ ಕಲಿಸಿರಲಿಲ್ಲ." ಅವಳು ಗಟ್ಟಿಯಾಗಿ ಅತ್ತಳು. ಯುವರಾಜ ಸತ್ತ ಮೇಲೆ ಅವಳು ಅತ್ತದ್ದನ್ನು ಜನ ನೋಡಿದ್ದು ಅದೇ ಮೊದಲು.

ರಾಣಿ ಏನು ಬೇಕೋ ಕೇಳು ಎಂದಾಗ ಪಾಲಯ್ಯ ಆ ಇಬ್ಬರು ಗುರುಗಳ ತಲೆ ಕೇಳಿದ, ಅವರವರ ಕತ್ತಿನ ಮೇಲೇ ಇರುವಂತೆ. ಇನ್ನೊಂದನ್ನೂ ಕೇಳಿದ. ಅದು ಮಾರನೆಯ ದಿನ ಡಂಗುರವಾಯಿತು: ಹಾರುಗಾರ ಇವತ್ತು ಬೇಡ ಎಂದರೆ ರಾಣಿಯೂ ಯಾಕೆ ಎಂದು ಕೇಳತಕ್ಕದ್ದಲ್ಲ.

ಅವನನ್ನು ಮಾರಕ್ಕನ ಜೊತೆ ಪಾಠ ಹೇಳುವ ಅರಮನೆಯ ಗುರುವಾಗಿ ನೇಮಿಸಿದರು. ಹೊನ್ನಾಜಿ ಗಾಣದ ಮನೆಗೆ ನಡೆದೇ ಬಂದಳು. ಪಾಠಕ್ಕೆ ಕೂತಾಗ ಅವಳ ಪಕ್ಕದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಿರುಗುಮಣೆಯ ಮೇಲೆ ಚೆನ್ನವೀರಪ್ಪನವರು ಕೂತಿದ್ದರು, ಮಣೆ ನಿಂತಿದ್ದರೂ ತಿರುಗುತ್ತಿದ್ದೇನೆ ಎಂದು ವಾದಿಸುತ್ತಾ.

ಅವರೆಲ್ಲ ಅಲ್ಲಿ ಹಾರಬೇಕಾದ ದಿನ ಹಾರಿ, ಕೂರಬೇಕಾದ ದಿನ ಕೂತು ಚೆನ್ನಾಗಿದ್ದಾರೆ. ನಾವು ಇಲ್ಲಿ ಕೂತು ಅವರ ಕತೆ ಹೇಳುತ್ತಿದ್ದೇವೆ.